ಆಂಟಿಬಯೋಟಿಕ್ ಗುಳಿಗೆ ಮತ್ತು ಎದೆಬಡಿತ: ಹೆದರಬೇಕಾದದ್ದು ಯಾವಾಗ?

ಮಳೆ ಹಿಡಿದು ಕುಳಿತಿತೆಂದರೆ ಘಟ್ಟದ ಮೇಲಿನ ಊರುಗಳಲ್ಲಿ ಜ್ವರದ ಕಾಲವೂ ಬಂದಂತೆಯೇ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯನ್ನೇ ತೆಗೆದುಕೊಳ್ಳೋಣ. ಉಂಚಳ್ಳಿ ಜಲಪಾತ ನೋಡಲು ಹೋದವರಿಗೆ ಈ ಊರಿನ ಪರಿಚಯ ಇದ್ದೇ ಇರುತ್ತದೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮನೆಯಿಂದ ಮನೆಗೆ ಸಾಕಷ್ಟು ದೂರ. ಇಂತಹ ಊರಿನಲ್ಲಿ ಅರವತ್ತು ದಾಟಿದ ಒಬ್ಬರಿಗೆ ಜ್ವರ, ಕೆಮ್ಮು ಬಂತು ಎಂದಿಟ್ಟುಕೊಳ್ಳಿ. ಪೇಟೆಗೆ ಹೋದ ಮಗ ಗುಳಿಗೆ ತಂದ. ಎರಡನೆಯ ದಿನ ರಾತ್ರಿ ಎರಡು ಗಂಟೆಗೆ ಅವರಿಗೆ ಎಚ್ಚರವಾಯಿತು. ಎದೆ ಡವಡವ ಹೊಡೆದುಕೊಳ್ಳುತ್ತಿದೆ. ನಡುನಡುವೆ ಒಂದು ಬಡಿತ ತಪ್ಪಿದಂತೆ, ಮತ್ತೆ ಜೋರಾಗಿ ಒದ್ದಂತೆ ಆಗುತ್ತಿದೆ. 'ಈ ಗುಳಿಗೆಯದ್ದೇ ಕೆಲಸ' ಎಂದು ಮನೆಯವರು ಉಳಿದದ್ದನ್ನು ಎತ್ತಿ ಹೊರಗೆ ಎಸೆಯಬೇಕೆ? ಅಥವಾ 'ಡಾಕ್ಟರು ಕೊಟ್ಟದ್ದಲ್ಲವೆ, ಏನೂ ಆಗುವುದಿಲ್ಲ' ಎಂದು ಮಲಗಿಸಬೇಕೆ? ಈ ಎರಡೂ ಕೆಲವೊಮ್ಮೆ ಪ್ರಾಣಕ್ಕೆ ಬರುತ್ತವೆ. ಆದ್ದರಿಂದಲೇ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ ಎಂದುಕೊಂಡಿದ್ದೇವೆ.

ಗುಳಿಗೆಗಿಂತ ಮೊದಲು ಜ್ವರವನ್ನು ನೋಡಿ

ಎದೆಬಡಿತ ಎಂದು ನಾವು ಹೇಳುವುದು ಹೃದಯ ಬಡಿಯುತ್ತಿರುವುದು ನಮ್ಮ ಅರಿವಿಗೆ ಬರುವುದನ್ನು. ಹೃದಯ ದಿನವಿಡೀ ಬಡಿಯುತ್ತದೆ, ನಮಗೆ ಗೊತ್ತಾಗುವುದಿಲ್ಲ. ವೇಗ ಹೆಚ್ಚಾದಾಗ, ಲಯ ತಪ್ಪಿದಾಗ, ಇಲ್ಲವೇ ಮನಸ್ಸು ಅದರ ಕಡೆಗೇ ತಿರುಗಿದಾಗ ಗೊತ್ತಾಗುತ್ತದೆ. ಆಂಟಿಬಯೋಟಿಕ್ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಜ್ವರವಿರುತ್ತದೆ, ಜ್ವರ ಏರಿದಂತೆ ನಾಡಿಯೂ ಏರುತ್ತದೆ. ಸುಮ್ಮನೆ ಮಲಗಿದಾಗ ನಿಮಿಷಕ್ಕೆ ಎಪ್ಪತ್ತು ಬಡಿಯುವ ನಾಡಿ ಜ್ವರದಲ್ಲಿ ನೂರು ದಾಟುವುದು ವಿಶೇಷವೇನಲ್ಲ. ಊಟ ಸೇರದೆ, ನೀರು ಕುಡಿಯದೆ, ವಾಂತಿ ಭೇದಿಯಾಗಿ ಮೈ ಒಣಗಿದ್ದರೆ ಇನ್ನೂ ಹೆಚ್ಚು. ಅಂದರೆ ಗುಳಿಗೆ ಮುಟ್ಟದಿದ್ದರೂ ಆ ರಾತ್ರಿ ಎದೆ ಬಡಿಯುವುದಕ್ಕೆ ಕಾರಣಗಳಿದ್ದವು.

ನಮ್ಮ ಮಲೆನಾಡು ಮತ್ತು ಕರಾವಳಿಯ ಜ್ವರಗಳಿಗೆ ಇನ್ನೊಂದು ಗುಣವಿದೆ. ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್ ಹೃದಯದ ಮಾಂಸಖಂಡಕ್ಕೇ ಉರಿಯೂತ ತರಬಲ್ಲವು. ಕೆಸರು ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರದಲ್ಲಿ ಹೃದಯದ ಲಯ ತಪ್ಪುವುದನ್ನು ವೈದ್ಯರು ಕಾಣುತ್ತಲೇ ಇರುತ್ತಾರೆ. ಇವೆರಡಕ್ಕೂ ಮದ್ದು ಆಂಟಿಬಯೋಟಿಕ್ಕೇ, ಮುಖ್ಯವಾಗಿ ಡಾಕ್ಸಿಸೈಕ್ಲಿನ್. ಇಲ್ಲಿ ಎದೆಬಡಿತದ ತಪ್ಪನ್ನು ಗುಳಿಗೆಯ ತಲೆಗೆ ಕಟ್ಟಿ ನಿಲ್ಲಿಸಿದರೆ, ಬಡಿತಕ್ಕೆ ನಿಜವಾದ ಕಾರಣವಾದ ರೋಗವನ್ನೇ ಬೆಳೆಯಲು ಬಿಟ್ಟಂತಾಗುತ್ತದೆ.

ಇಲಿಜ್ವರದಲ್ಲಿ ಮತ್ತೊಂದು ವಿಚಿತ್ರವುಂಟು. ಮೊದಲನೆಯ ಡೋಸು ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಕೆಲವರಿಗೆ ನಡುಕ ಬಂದು, ಜ್ವರ ಇನ್ನಷ್ಟು ಏರಿ, ಎದೆ ಓಡತೊಡಗುತ್ತದೆ. ಔಷಧಿಯಿಂದ ಒಮ್ಮೆಲೇ ಸತ್ತ ರೋಗಾಣುಗಳು ರಕ್ತಕ್ಕೆ ಬಿಟ್ಟ ವಸ್ತುಗಳಿಗೆ ದೇಹ ತೋರಿಸುವ ಪ್ರತಿಕ್ರಿಯೆ ಇದು. ಇದನ್ನು ಕಂಡುಹಿಡಿದ ಇಬ್ಬರ ಹೆಸರಿನಲ್ಲಿ ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಇದು ಗುಳಿಗೆಗೆ ಅಲರ್ಜಿಯಲ್ಲ, ಕೆಲಸ ಮಾಡಿದ್ದಕ್ಕೆ ಗುರುತು. ಆದರೂ ಇದನ್ನು ನಿರ್ಧರಿಸಬೇಕಾದವರು ವೈದ್ಯರು, ನಾವು ನೀವಲ್ಲ.

ಮಂಗನ ಕಾಯಿಲೆಯ ಮಾತೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಸಿದ್ದಾಪುರ ತಾಲ್ಲೂಕನ್ನು ಬಿಟ್ಟುಹೋಗಿಲ್ಲ. 2024ರಲ್ಲೂ ಅಲ್ಲಿ ಹಲವರನ್ನು ಕಾಡಿತು, ಸಾವೂ ಆಯಿತು. ಇದು ವೈರಸ್ಸಿನಿಂದ ಬರುವುದು. ಆಂಟಿಬಯೋಟಿಕ್ ಇದಕ್ಕೆ ಏನೂ ಮಾಡುವುದಿಲ್ಲ. ಮಳೆ ಮುಗಿದು ಬೇಸಿಗೆ ಕಳೆಯುವವರೆಗೆ, ದರಕು ತರಲು ಬೆಟ್ಟಕ್ಕೆ ಹೋಗಿ ಬಂದವರಿಗೆ ಜ್ವರ ಬಂದರೆ ಅಂಗಡಿಯ ಗುಳಿಗೆಯಲ್ಲಿ ದಿನ ಕಳೆಯದೆ ರಕ್ತ ಪರೀಕ್ಷೆಗೆ ಹೋಗಬೇಕು. ಮಂಗನ ಕಾಯಿಲೆಯಲ್ಲಿ ಜ್ವರ ಹೆಚ್ಚಿದ್ದರೂ ನಾಡಿ ನಿಧಾನವಾಗಿರುವುದು ಸಾಮಾನ್ಯ. ಆದ್ದರಿಂದ ಎದೆ ಬಡಿಯುತ್ತಿಲ್ಲ ಎಂಬುದೂ ಸಮಾಧಾನದ ಮಾತಲ್ಲ.

ಹೃದಯಕ್ಕೆ ನಿಜವಾಗಿ ತಟ್ಟುವ ಆಂಟಿಬಯೋಟಿಕ್‌ಗಳು

ಹಾಗಾದರೆ ಗುಳಿಗೆಯ ತಪ್ಪೇ ಇಲ್ಲವೆ? ಇದೆ. ಆದರೆ ಎಲ್ಲ ಗುಳಿಗೆಗಳದ್ದಲ್ಲ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಮುಂತಾದವು ಹೃದಯದ ಲಯವನ್ನು ನೇರವಾಗಿ ಕೆಡಿಸುವಂಥವಲ್ಲ. ಅವುಗಳಿಂದ ಬರುವ ಭಯ ಅಲರ್ಜಿಯದು. ಡಾಕ್ಸಿಸೈಕ್ಲಿನ್ ಕೂಡ ಲಯಕ್ಕೆ ಕೈ ಹಾಕುವುದಿಲ್ಲ, ಆದರೆ ಒಂದು ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಒಳಗೆ ಸುಟ್ಟು ಹುಣ್ಣು ಮಾಡುತ್ತದೆ. ಎದೆಯ ನಡುವೆ ಅಂಥ ನೋವು ಬಂದಾಗ ಹಾರ್ಟ್ ಅಟ್ಯಾಕ್ ಎಂದೇ ಅನ್ನಿಸುತ್ತದೆ, ಹೆದರಿಕೆಗೆ ಬಡಿತವೂ ಏರುತ್ತದೆ. ಒಂದು ದೊಡ್ಡ ಲೋಟ ನೀರು ಕುಡಿದು, ಅರ್ಧ ಗಂಟೆ ಕುಳಿತುಕೊಂಡರೆ ಈ ತೊಂದರೆ ತಪ್ಪುತ್ತದೆ. ಇಷ್ಟು ಸಣ್ಣ ಮಾತನ್ನು ಗುಳಿಗೆ ಕೊಡುವವರು ಹೇಳುವುದು ಅಪರೂಪ.

ಹೃದಯಕ್ಕೆ ನೇರವಾಗಿ ತಟ್ಟುವ ಗುಂಪುಗಳು ಮುಖ್ಯವಾಗಿ ಎರಡು. ಒಂದು, ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಅಜಿಥ್ರೊಮೈಸಿನ್ ಇರುವ ಗುಂಪು. ಇನ್ನೊಂದು, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಇರುವ ಗುಂಪು. ಹೃದಯದ ಕೆಳಗಿನ ಕೋಣೆಗಳು ಪ್ರತಿ ಬಡಿತದ ನಂತರ ಮುಂದಿನ ಬಡಿತಕ್ಕೆ ವಿದ್ಯುತ್ತನ್ನು ಮತ್ತೆ ತುಂಬಿಕೊಳ್ಳಬೇಕು. ಇದಕ್ಕೆ ಜೀವಕೋಶಗಳಿಂದ ಪೊಟಾಸಿಯಂ ಹೊರಗೆ ಹರಿಯಬೇಕು. ಈ ಔಷಧಿಗಳು ಆ ದಾರಿಯನ್ನು ಸ್ವಲ್ಪ ಕಟ್ಟುತ್ತವೆ, ತುಂಬಿಕೊಳ್ಳುವ ಹೊತ್ತು ಉದ್ದವಾಗುತ್ತದೆ. ಇಸಿಜಿ ಕಾಗದದಲ್ಲಿ ಈ ಹೊತ್ತನ್ನು 'ಕ್ಯೂಟಿ' ಎಂದು ಅಳೆಯುತ್ತಾರೆ. ನಾಡಿಯ ವೇಗಕ್ಕೆ ಸರಿಹೊಂದಿಸಿದ ಲೆಕ್ಕ ಸಾಮಾನ್ಯವಾಗಿ ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡಿನೊಳಗೆ ಇರಬೇಕು. 500 ದಾಟಿದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಯಾಕೆಂದರೆ ಹೃದಯ ಪೂರ್ತಿ ಸಿದ್ಧವಾಗುವ ಮೊದಲೇ ಇನ್ನೊಂದು ಬಡಿತ ನುಗ್ಗಿದರೆ ಲಯ ಸುರುಳಿ ಸುತ್ತಿಕೊಂಡು, ರಕ್ತ ಹೊರಗೆ ಹೋಗದೆ ಮನುಷ್ಯ ಪ್ರಜ್ಞೆ ತಪ್ಪಿ ಬೀಳಬಹುದು. ಕೆಲವೊಮ್ಮೆ ಮತ್ತೆ ಏಳುವುದಿಲ್ಲ.

ಇಲ್ಲಿ ಓದುಗರು ಗಮನಿಸಬೇಕಾದ ಮಾತೊಂದಿದೆ. ಕ್ಯೂಟಿ ಉದ್ದವಾದದ್ದು ಯಾರಿಗೂ ಎದೆಯಲ್ಲಿ ಗೊತ್ತಾಗುವುದಿಲ್ಲ. ಎದೆ ಡವಡವ ಎಂದವರಲ್ಲಿ ಹೆಚ್ಚಿನವರ ಕ್ಯೂಟಿ ಸರಿಯಾಗಿಯೇ ಇರುತ್ತದೆ; ಕ್ಯೂಟಿ ಕೆಟ್ಟವರಿಗೆ ಬೀಳುವವರೆಗೂ ಏನೂ ಅನ್ನಿಸದಿರಬಹುದು. ಆದ್ದರಿಂದ ಎದೆ ಹೇಳಿದ್ದನ್ನಷ್ಟೇ ನಂಬಿ ತೀರ್ಮಾನ ಮಾಡುವಂತಿಲ್ಲ. ಇಸಿಜಿ ಬೇಕು. ಅದಕ್ಕಿಂತ ಮೊದಲು, ರೋಗಿ ಬೇರೆ ಏನೇನು ನುಂಗುತ್ತಿದ್ದಾರೆ ಎಂಬ ಪಟ್ಟಿ ಬೇಕು.

ಅಜಿಥ್ರೊಮೈಸಿನ್ ಎಷ್ಟು ಅಪಾಯಕಾರಿ?

ಈ ಪ್ರಶ್ನೆ ದೊಡ್ಡದಾದದ್ದು 2012ರಲ್ಲಿ. ಅಮೆರಿಕದ ಟೆನೆಸಿ ರಾಜ್ಯದ ಸರಕಾರಿ ವೈದ್ಯಕೀಯ ಯೋಜನೆಯ ದಾಖಲೆಗಳನ್ನು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೇಯ್ನ್ ರೇ ಮತ್ತು ಜೊತೆಗಾರರು ಜಾಲಾಡಿದರು. ಅಮಾಕ್ಸಿಸಿಲಿನ್‌ಗೆ ಹೋಲಿಸಿದರೆ ಅಜಿಥ್ರೊಮೈಸಿನ್‌ನ ಹತ್ತು ಲಕ್ಷ ಕೋರ್ಸುಗಳಿಗೆ ಹೃದಯ ಸಂಬಂಧಿ ಸಾವುಗಳು 47ರಷ್ಟು ಹೆಚ್ಚು ಎಂದು ಅವರಿಗೆ ಕಂಡಿತು. ಮೊದಲೇ ಹೃದಯದ ಅಪಾಯ ಅತಿ ಹೆಚ್ಚಿದ್ದವರಲ್ಲಿ ಈ ಸಂಖ್ಯೆ 245. ಅಂದರೆ ಸುಮಾರು ನಾಲ್ಕು ಸಾವಿರ ಮಂದಿಗೆ ಒಬ್ಬರು. 2013ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಅದೇ ವರ್ಷ ಡೆನ್ಮಾರ್ಕಿನಲ್ಲಿ 18ರಿಂದ 64 ವಯಸ್ಸಿನ ಸಾಮಾನ್ಯ ಜನರನ್ನು ನೋಡಿದಾಗ ಪೆನ್ಸಿಲಿನ್‌ಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಎರಡನ್ನೂ ಸೇರಿಸಿ ಓದಿದರೆ ಅರ್ಥ ಸರಳ: ಗಟ್ಟಿಮುಟ್ಟಾದ ಯುವಕರಿಗೆ ಭಯವಿಲ್ಲ, ಹೃದಯ ಮೊದಲೇ ದಣಿದವರಿಗೆ ಯೋಚಿಸಿ ಕೊಡಬೇಕು.

ಕೋವಿಡ್ ಬಂದಾಗ ಈ ಲೆಕ್ಕಾಚಾರ ಎಲ್ಲರ ಮನೆಗೂ ಬಂತು. 2020ರ ಮಾರ್ಚ್ ಕೊನೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ, ಐಸಿಯುನಲ್ಲಿರುವ ತೀವ್ರ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಅಜಿಥ್ರೊಮೈಸಿನ್ ಜೋಡಿಯನ್ನು ಪರಿಗಣಿಸಬಹುದು ಎಂದಿತ್ತು. ಇವೆರಡೂ ಕ್ಯೂಟಿಯನ್ನು ಎಳೆಯುವಂಥವು. ಜೂನ್‌ನ ಮಾರ್ಗಸೂಚಿಯಲ್ಲಿ ಅಜಿಥ್ರೊಮೈಸಿನ್ ಬಿಟ್ಟುಹೋಯಿತು. ಆದರೆ ಹಳ್ಳಿ ಪೇಟೆಗಳ ಅಂಗಡಿಯಿಂದ ಅದು ಹೋಗಲಿಲ್ಲ. ನೆಗಡಿಯಾದರೂ 'ಮೂರು ದಿನದ ಗುಳಿಗೆ' ಕೇಳಿ ಪಡೆಯುವ ಅಭ್ಯಾಸ ನಮ್ಮಲ್ಲಿ ಉಳಿದೇಬಿಟ್ಟಿತು. ಹಳೆಯ ಚೀಟಿ ತೋರಿಸಿ ಅದನ್ನೇ ಮತ್ತೆ ತಂದವರಲ್ಲಿ ನಾವೂ ಇದ್ದೇವೆ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು.

ಹಾಗೆಂದು ಈ ಔಷಧಿಯನ್ನು ಖಳನಾಯಕ ಮಾಡುವುದೂ ಸರಿಯಲ್ಲ. ವೆಲ್ಲೂರಿನ ಸಿ.ಎಂ.ಸಿ. ನೇತೃತ್ವದಲ್ಲಿ ನಮ್ಮ ದೇಶದಲ್ಲೇ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿಥ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಟ್ಟರೆ, ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಗುಣ ಕಾಣುತ್ತದೆ. ಕಾಡಂಚಿನ ಊರಿನವರ ಜೀವ ಉಳಿಸುವ ಮದ್ದು ಕೂಡ ಇದೇ. ನೆನಪಿಡಬೇಕಾದ ಇನ್ನೊಂದು ಸಂಗತಿ: ಅಜಿಥ್ರೊಮೈಸಿನ್ ಮೂರು ಗುಳಿಗೆ ಮುಗಿದರೂ ದೇಹದಿಂದ ಹೊರಟುಹೋಗಲು ಹಲವು ದಿನ ಬೇಕು. 'ಗುಳಿಗೆ ಮೊನ್ನೆಯೇ ಮುಗಿದಿದೆ' ಎಂದು ವೈದ್ಯರಿಗೆ ಹೇಳದೆ ಬಿಡಬಾರದು.

ಜೊತೆಗೆ ಏನು ನುಂಗಿದಿರಿ?

ತೊಂದರೆ ಹೆಚ್ಚಾಗಿ ಒಂದು ಗುಳಿಗೆಯಿಂದಲ್ಲ, ಎರಡು ಮೂರು ಕೂಡಿದ್ದರಿಂದ ಬರುತ್ತದೆ. ಇದಕ್ಕೆ ಹಳೆಯ ಪಾಠವೇ ಇದೆ. ಹೊಟ್ಟೆ ತೊಂದರೆಗೆ ಧಾರಾಳವಾಗಿ ಕೊಡುತ್ತಿದ್ದ ಸಿಸಾಪ್ರೈಡ್ ಎಂಬ ಗುಳಿಗೆ ಎರಿಥ್ರೊಮೈಸಿನ್ ಜೊತೆ ಸೇರಿದಾಗ ಹೃದಯದ ಲಯ ಕೆಡಿಸುತ್ತಿತ್ತು. ನಮ್ಮ ದೇಶದಲ್ಲಿ ಅದನ್ನು 2011ರಲ್ಲಿ ನಿಷೇಧಿಸಲಾಯಿತು. ಆಂಟಿಬಯೋಟಿಕ್‌ಗಳಲ್ಲೇ ಗ್ರೆಪಾಫ್ಲಾಕ್ಸಾಸಿನ್ ಎಂಬುದನ್ನು ತಯಾರಿಸಿದವರೇ 1999ರಲ್ಲಿ ಇದೇ ಕಾರಣಕ್ಕೆ ಹಿಂದಕ್ಕೆ ಪಡೆದರು.

ಇಂದಿನ ಚೀಟಿ ತೆಗೆದು ನೋಡಿ. ಆಂಟಿಬಯೋಟಿಕ್ ಒಂದು, 'ಗ್ಯಾಸಿಗೆ' ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಕ್ಯಾಪ್ಸೂಲು. ಆ ಕ್ಯಾಪ್ಸೂಲಿನಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುವುದು ಬಹಳ ಸಾಮಾನ್ಯ. ಈ ಡೊಂಪೆರಿಡೋನ್ ಸಹ ಕ್ಯೂಟಿಯನ್ನು ಎಳೆಯುತ್ತದೆ. ಯುರೋಪಿನಲ್ಲಿ 2014ರಲ್ಲಿ ಅದರ ಪ್ರಮಾಣ ಮತ್ತು ದಿನಗಳನ್ನು ಕಡಿಮೆ ಮಾಡಿದರು. ವಾಂತಿ ನಿಲ್ಲಿಸುವ ಒಂಡಾನ್‌ಸೆಟ್ರಾನ್ ಕೂಡ ಅದೇ ಜಾತಿ. ಮನೋರೋಗಕ್ಕೆ ಕೊಡುವ ಕೆಲವು ಗುಳಿಗೆಗಳು, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್, ಹೃದಯದ ಲಯಕ್ಕೇ ಕೊಡುವ ಅಮಿಯೊಡರೋನ್ ಇವೂ ಈ ಸಾಲಿನವು. ವಾಂತಿ ಭೇದಿಯಾಗಿ, ಅಥವಾ ಬಿ.ಪಿ.ಗೆ ಮೂತ್ರ ಹೋಗುವ ಗುಳಿಗೆ ತಿಂದು ಪೊಟಾಸಿಯಂ ಇಳಿದಿದ್ದರೆ ಅಪಾಯ ಇಮ್ಮಡಿಸುತ್ತದೆ. ಹೆಂಗಸರಿಗೆ ಮತ್ತು ವಯಸ್ಸಾದವರಿಗೆ ಹೆಚ್ಚು ಎಚ್ಚರ ಬೇಕು.

ಉಬ್ಬಸ ಇರುವವರಿಗೆ ಪ್ರತ್ಯೇಕ ಮಾತು. ನಮ್ಮಲ್ಲಿ ಥಿಯೊಫಿಲಿನ್ ಇರುವ ದಮ್ಮಿನ ಗುಳಿಗೆಯನ್ನು ವರ್ಷಾನುಗಟ್ಟಲೆ ತಿನ್ನುವ ಹಿರಿಯರು ಬಹಳ. ಇದರ ಜೊತೆಗೆ ಸಿಪ್ರೊಫ್ಲಾಕ್ಸಾಸಿನ್ ಇಲ್ಲವೇ ಎರಿಥ್ರೊಮೈಸಿನ್ ಸೇರಿದರೆ ಯಕೃತ್ತು ಥಿಯೊಫಿಲಿನ್ನನ್ನು ಬೇಗ ಕರಗಿಸಲಾರದು. ಅದು ರಕ್ತದಲ್ಲಿ ಏರಿ ವಾಂತಿ, ಕೈ ನಡುಕ, ಎದೆಬಡಿತ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಇಲ್ಲಿ ಎದೆಬಡಿತ ಆಂಟಿಬಯೋಟಿಕ್‌ನದ್ದೂ ಅಲ್ಲ, ದಮ್ಮಿನ ಗುಳಿಗೆಯದ್ದೂ ಅಲ್ಲ, ಇಬ್ಬರ ಜಗಳದ್ದು. ಕಾಫಿಗೂ ಇದೇ ನ್ಯಾಯ: ಸಿಪ್ರೊಫ್ಲಾಕ್ಸಾಸಿನ್ ತಿನ್ನುವಾಗ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಆ ಐದು ದಿನ ಒಂದಕ್ಕೆ ಇಳಿಸಿದರೆ ಎಷ್ಟೋ ಬಡಿತ ತಾನಾಗಿ ಇಳಿಯುತ್ತದೆ. ಹೊಗೆಸೊಪ್ಪು ಹಾಕಿದ ಕವಳದ ಮಾತನ್ನೂ ಇಲ್ಲೇ ಸೇರಿಸಬೇಕು, ಹೇಳಿದರೆ ನಮ್ಮ ಹಿರಿಯರಿಗೆ ಸಿಟ್ಟು ಬರುತ್ತದೆ ಅಷ್ಟೆ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಗುಳಿಗೆ ತಿನ್ನುವವರಿಗೆ ಲೆವೊಫ್ಲಾಕ್ಸಾಸಿನ್ ಗುಂಪು ಸಕ್ಕರೆಯನ್ನು ತೀರಾ ಇಳಿಸಬಹುದು. ಆಗ ಬೆವರು, ನಡುಕ, ಎದೆಬಡಿತ ಕಾಣುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನೋಡಿ. ಇಲ್ಲವಾದರೆ ಕೂಡಲೇ ಸಕ್ಕರೆ ನೀರು ಕೊಡಿ, ರೋಗಿಗೆ ಪ್ರಜ್ಞೆ ಇದ್ದಾಗ ಮಾತ್ರ. ಈ ಗುಂಪಿನ ಗ್ಯಾಟಿಫ್ಲಾಕ್ಸಾಸಿನ್ ಗುಳಿಗೆಯನ್ನು ಸಕ್ಕರೆ ಏರುಪೇರು ಮಾಡುತ್ತದೆ ಎಂಬ ಕಾರಣಕ್ಕೇ 2011ರಲ್ಲಿ ನಮ್ಮ ದೇಶ ನಿಷೇಧಿಸಿತು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ತಿನ್ನುವಾಗ ಮದ್ಯ ಮುಟ್ಟಬಾರದೆಂದು ಅದರ ಮಾಹಿತಿ ಪತ್ರವೇ ಹೇಳುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳಬಹುದು.

ಔಷಧಿಗೆ ಬಗ್ಗದ ಕ್ಷಯರೋಗದವರ ವಿಷಯದಲ್ಲಿ ಸರಕಾರಿ ಕಾರ್ಯಕ್ರಮವೇ ಜಾಗ್ರತೆ ವಹಿಸುತ್ತದೆ. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್ ಕೊಡುವಾಗ ಆರಂಭದಲ್ಲೂ ಆಮೇಲೂ ಇಸಿಜಿ ತೆಗೆಯುತ್ತಾರೆ. ಆ ದಿನಗಳನ್ನು ತಪ್ಪಿಸಬೇಡಿ. ಚಿಕ್ಕಂದಿನ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು, ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಎದೆಬಡಿತ ಇರುತ್ತದೆ. ಅದು ಕವಾಟದ್ದು, ಇಂಜೆಕ್ಷನ್‌ನದ್ದಲ್ಲ. ಇಂಜೆಕ್ಷನ್ ಬಿಟ್ಟರೆ ಕವಾಟ ಇನ್ನಷ್ಟು ಕೆಡುತ್ತದೆ.

ಆ ರಾತ್ರಿ ಏನು ಮಾಡಬೇಕು?

ಮೊದಲು ರೋಗಿಯನ್ನು ಕೂರಿಸಿ ನಾಡಿ ಹಿಡಿಯಿರಿ. ಕೈಯ ಹೆಬ್ಬೆರಳ ಬುಡದ ಕಡೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಿದ ಬಡಿತ ಸಿಗುವುದಿಲ್ಲ. ಜ್ವರ ಎಷ್ಟಿದೆ ನೋಡಿ. ಜ್ವರವಿದ್ದು, ನಾಡಿ ವೇಗವಾಗಿದ್ದರೂ ಲಯಬದ್ಧವಾಗಿದ್ದು, ರೋಗಿ ಚೆನ್ನಾಗಿ ಮಾತನಾಡುತ್ತಿದ್ದರೆ ಪ್ಯಾರಸಿಟಮಾಲ್, ಗಂಜಿನೀರು, ಓ.ಆರ್.ಎಸ್. ಕೊಟ್ಟು ಬೆಳಗಾದ ಕೂಡಲೇ ವೈದ್ಯರಿಗೆ ತಿಳಿಸಬಹುದು.

ಆದರೆ ತಲೆ ಸುತ್ತಿ ಬಿದ್ದರೆ ಅಥವಾ ಬೀಳುವಂತಾದರೆ, ಎದೆನೋವು ಅಥವಾ ಉಸಿರಾಟದ ಕಷ್ಟವಿದ್ದರೆ, ಸುಮ್ಮನೆ ಕುಳಿತಾಗಲೂ ನಾಡಿ 120 ದಾಟಿ ಇಳಿಯದಿದ್ದರೆ, ಲಯವೇ ಇಲ್ಲದಿದ್ದರೆ ಬೆಳಗಿನವರೆಗೆ ಕಾಯಬಾರದು. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಹೋದದ್ದುಂಟು ಎಂದಾದರೂ ಅಷ್ಟೆ. ಗುಳಿಗೆ ನುಂಗಿದ ಕೆಲವೇ ನಿಮಿಷಗಳಲ್ಲಿ ಮೈ ತುರಿಸಿ ದದ್ದು ಎದ್ದು, ತುಟಿ ನಾಲಿಗೆ ಊದಿ, ಉಸಿರು ಕಟ್ಟಿದರೆ ಅದು ಅಲರ್ಜಿ. ಆಸ್ಪತ್ರೆಯಲ್ಲಿ ಅಡ್ರಿನಾಲಿನ್ ಇಂಜೆಕ್ಷನ್ ಸಿಗುವವರೆಗೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ಇಂಥ ಲಕ್ಷಣಗಳಲ್ಲಿ ಮುಂದಿನ ಡೋಸು ಕೊಡದೆ 108ಕ್ಕೆ ಕರೆಮಾಡಿ. ಉಳಿದ ಸಂದರ್ಭಗಳಲ್ಲಿ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬದಲಿ ಆಂಟಿಬಯೋಟಿಕ್ ಇದ್ದೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ.

ಹೆಗ್ಗರಣೆಯಂಥ ಊರಿನಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಎಂದು ನಮಗೆ ಗೊತ್ತು. ಸಿದ್ದಾಪುರಕ್ಕಾಗಲಿ ಶಿರಸಿಗಾಗಲಿ ರಾತ್ರಿಯ ಮಳೆಯಲ್ಲಿ ಹೋಗಬೇಕು, ಅಲ್ಲಿಂದ ಹುಬ್ಬಳ್ಳಿಗೆ ನೂರು ಕಿ.ಮೀ. ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಇಂದಿನದಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೇ ಕೇಳಿಸಿತು. ಇಷ್ಟಿದ್ದರೂ ಇಸಿಜಿ ಮೊದಲಿನಷ್ಟು ದೂರವಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಮೂಲಕ ಕರಾವಳಿ ಮಲೆನಾಡಿನ ಹಲವು ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರಗಳು ಬಂದವು. ಅಲ್ಲಿ ತೆಗೆದ ಇಸಿಜಿಯನ್ನು ಮೊಬೈಲಿನಲ್ಲೇ ತಜ್ಞರು ನೋಡಿ ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸರಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇಂಥದ್ದೇ ಕೆಲಸಕ್ಕೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇಸಿಜಿ ಇದೆ, ರಾತ್ರಿ ತೆಗೆಯುವವರು ಇರುತ್ತಾರೆಯೇ ಎಂದು ಜ್ವರ ಬರುವ ಮೊದಲೇ ಆಶಾ ಕಾರ್ಯಕರ್ತೆಯರಲ್ಲಿ ಕೇಳಿಟ್ಟುಕೊಳ್ಳಿ.

ಮನೆಯ ಹಿರಿಯರು ತಿನ್ನುವ ಎಲ್ಲ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೋಡೆಗೆ ನೇತುಹಾಕಿರಿ. ಡಾಕ್ಟರ ಬಳಿ ಹೋಗುವಾಗ ಬಾಯಿಮಾತಿನಲ್ಲಿ 'ಬಿ.ಪಿ.ಯದ್ದು ಒಂದು ಬಿಳಿ ಗುಳಿಗೆ' ಎನ್ನುವುದಕ್ಕಿಂತ ಆ ಚೀಲವನ್ನೇ ಒಯ್ಯುವುದು ಒಳ್ಳೆಯದು. ಕೆಂಪು ಗೆರೆ ಇರುವ ಪಟ್ಟಿಯ ಗುಳಿಗೆ ಚೀಟಿಯಿಲ್ಲದೆ ಕೊಳ್ಳುವಂಥದ್ದಲ್ಲ. ಗುಳಿಗೆಯಿಂದ ತೊಂದರೆಯಾಯಿತು ಎಂದು ಅನ್ನಿಸಿದರೆ ರೋಗಿಗಳು ಸಹ ಅದನ್ನು ವರದಿ ಮಾಡಬಹುದು. ಕೇಂದ್ರ ಸರಕಾರದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ಗುಳಿಗೆಯ ಹೆಸರು, ತಿಂದ ದಿನ, ತೊಂದರೆ ಶುರುವಾದ ಹೊತ್ತು, ಜೊತೆಗೆ ತಿಂದ ಬೇರೆ ಔಷಧಿಗಳು ಇವನ್ನು ಬರೆದಿಟ್ಟುಕೊಂಡು ಕರೆಮಾಡಿ.